ಮಲೆನಾಡಿನ ಮನೆಗೆ ಕಡಿಮೆ ಬೆಲೆಯ ಸ್ಮಾರ್ಟ್ ಟಿವಿ: ಏನು ನೋಡಬೇಕು, ಏನು ಬಿಡಬೇಕು

ಶಿವಮೊಗ್ಗದ ದುರ್ಗಿಗುಡಿಯಲ್ಲೋ ನೆಹರೂ ರಸ್ತೆಯಲ್ಲೋ ಯಾವುದೇ ಟಿವಿ ಅಂಗಡಿಗೆ ಹೋಗಿ ನೋಡಿ. ಗೋಡೆ ತುಂಬ ಟಿವಿ, ಎಲ್ಲದರಲ್ಲೂ ಹೊಳೆಯುವ ಹೂವು, ಬಣ್ಣದ ಮೀನು, ಯಾವುದೋ ದೇಶದ ಹಿಮದ ಬೆಟ್ಟ. ಎಲ್ಲವೂ ಚೆಂದವೇ ಕಾಣುತ್ತವೆ. ಕಂಪನಿಯವರೇ ಕೊಟ್ಟ ಡೆಮೊ ವಿಡಿಯೊ ಅದು, ಬ್ರೈಟ್‌ನೆಸ್ ಪೂರ್ತಿ ಏರಿಸಿರುತ್ತಾರೆ, ಕರೆಂಟು ಒಂದೇ ಸಮ ಇರುತ್ತದೆ, ನೆಟ್ ಜೋರಾಗಿರುತ್ತದೆ. ನಿಮ್ಮ ಮನೆ ಮಾತ್ರ ಹೊಸನಗರದ ಆಚೆ ಅಡಿಕೆ ತೋಟದ ಪಕ್ಕದಲ್ಲಿದೆ. ಮೊಬೈಲ್ ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ, ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ಲೈನ್‌ಮ್ಯಾನ್‌ಗೂ ಗೊತ್ತಿರುವುದಿಲ್ಲ.

ಹಾಗಾಗಿ ಇಲ್ಲಿ ನಾನು ಟಿವಿಯಿಂದ ಶುರು ಮಾಡುತ್ತಿಲ್ಲ. ನೆಟ್, ಕರೆಂಟು, ಗೋಡೆ, ಸರ್ವಿಸ್. ಇವು ನಾಲ್ಕನ್ನು ಮೊದಲು ನೋಡಿಕೊಂಡರೆ ಅಂಗಡಿಯಲ್ಲಿರುವ ಅರ್ಧಕ್ಕರ್ಧ ಟಿವಿಗಳು ತಾವಾಗಿಯೇ ಲೆಕ್ಕದಿಂದ ಹೊರಗೆ ಹೋಗುತ್ತವೆ. ಬಜೆಟ್ ಅಂದರೆ ಇಲ್ಲಿ ಹತ್ತು ಸಾವಿರದ ಆಸುಪಾಸಿನಿಂದ ಇಪ್ಪತ್ತೈದು ಸಾವಿರದೊಳಗೆ ಅಂತಿಟ್ಟುಕೊಳ್ಳಿ. ಅದಕ್ಕಿಂತ ಮೇಲಿನವರಿಗೆ ಸಲಹೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ.

ಮೊದಲನೆಯದು: ಹೊಸ ಟಿವಿ ಬೇಕೇ ಬೇಕಾ?

ಮನೆಯಲ್ಲಿ ಹಳೆಯ ಎಲ್‌ಇಡಿ ಟಿವಿ ಇದ್ದು, ಅದರ ಚಿತ್ರ ಚೆನ್ನಾಗಿದ್ದು, ಹಿಂದುಗಡೆ ಒಂದು ಎಚ್‌ಡಿಎಂಐ ಪೋರ್ಟ್ ಇದ್ದರೆ ಟಿವಿ ಬದಲಿಸುವ ಮೊದಲು ಆ ಪೋರ್ಟಿಗೆ ಸಿಕ್ಕಿಸಿ ನೆಟ್‌ನಿಂದ ವಿಡಿಯೊ ನೋಡುವ ಒಂದು ಸ್ಟ್ರೀಮಿಂಗ್ ಸ್ಟಿಕ್ ಬಗ್ಗೆ ಯೋಚಿಸಿ. ಫೈರ್ ಟಿವಿ ಸ್ಟಿಕ್ ಇರಬಹುದು, ಗೂಗಲ್ ಟಿವಿಯ ಬಾಕ್ಸ್ ಇರಬಹುದು. ಟಿವಿಯ ಬೆಲೆಯಲ್ಲಿ ಒಂದು ಸಣ್ಣ ಪಾಲು ಖರ್ಚು ಮಾಡಿದರೆ ಯೂಟ್ಯೂಬ್, ಸೀರಿಯಲ್, ಕ್ರಿಕೆಟ್ ಎಲ್ಲ ಬರುತ್ತದೆ.

ಇನ್ನೊಂದು ವಿಷಯ, ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಸ್ಮಾರ್ಟ್ ಟಿವಿಯಲ್ಲಿ ಮೊದಲು ಮುದಿಯಾಗುವುದು ಪರದೆಯಲ್ಲ, ಒಳಗಿನ ಸಾಫ್ಟ್‌ವೇರ್. ಕೆಲವು ವರ್ಷ ಕಳೆಯುವುದರೊಳಗೆ ಆ್ಯಪ್‌ಗಳು ಭಾರವಾಗುತ್ತವೆ, ಅಪ್‌ಡೇಟ್ ನಿಲ್ಲುತ್ತದೆ, ರಿಮೋಟ್ ಒತ್ತಿದರೆ ಟಿವಿ ಯೋಚನೆ ಮಾಡುತ್ತಾ ಕೂರುತ್ತದೆ. ಆಗ ಜನ ಟಿವಿಯೇ ಹಾಳಾಯಿತು ಅಂದುಕೊಂಡು ಹೊಸದು ತರುತ್ತಾರೆ. ಪರದೆ ಸರಿ ಇದ್ದರೆ ಅದೇ ಸ್ಟಿಕ್ ಸಿಕ್ಕಿಸಿ ಇನ್ನೂ ಕೆಲವು ವರ್ಷ ಓಡಿಸಬಹುದು. ಅದಕ್ಕೇ ಹೇಳುವುದು, ಕೊಳ್ಳುವಾಗ ದುಡ್ಡನ್ನು ಪರದೆಗೂ ಸರ್ವಿಸ್‌ಗೂ ಹಾಕಿ, ಸಾಫ್ಟ್‌ವೇರಿನ ಥಳುಕಿಗೆ ಜಾಸ್ತಿ ಕೊಡಬೇಡಿ.

ಎರಡನೆಯದು: ಮನೆಗೆ ನೆಟ್ ಹೇಗೆ ಬರುತ್ತದೆ?

ಇದನ್ನು ಕೇಳಿಕೊಳ್ಳದೆ ಸ್ಮಾರ್ಟ್ ಟಿವಿ ತಂದು, ಅದಕ್ಕೆ ಡಿಶ್ ಸಿಕ್ಕಿಸಿ ಮಾಮೂಲಿ ಟಿವಿಯ ಥರ ನೋಡುತ್ತಿರುವ ಮನೆಗಳು ಊರಿಗೆ ಹತ್ತು ಸಿಗುತ್ತವೆ.

ಲೆಕ್ಕ ಸರಳ. ನೆಟ್‌ಫ್ಲಿಕ್ಸ್‌ನವರೇ ಹೇಳುವ ಪ್ರಕಾರ ಎಚ್‌ಡಿಯಲ್ಲಿ ಒಂದು ಗಂಟೆ ನೋಡಿದರೆ ಸುಮಾರು 3 ಜಿಬಿ ಖರ್ಚಾಗುತ್ತದೆ, ಅದಕ್ಕಿಂತ ಸ್ಪಷ್ಟವಾದ 4ಕೆ ಆದರೆ 7 ಜಿಬಿ. ಮೊಬೈಲಿನ ದಿನಕ್ಕೆ 1.5 ಜಿಬಿ ಪ್ಯಾಕಿನಿಂದ ಹಾಟ್‌ಸ್ಪಾಟ್ ಕೊಟ್ಟರೆ ಅರ್ಧ ಗಂಟೆಗೆ ಕಥೆ ಮುಗಿಯಿತು. ವೇಗದ ವಿಷಯಕ್ಕೆ ಬಂದರೆ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ನಿಲ್ಲದೆ ಬರಬೇಕು. ನಿಲ್ಲದೆ ಅನ್ನುವುದು ಮುಖ್ಯ. ಮಧ್ಯಾಹ್ನ ಎರಡು ಗಂಟೆಗೆ ಸ್ಪೀಡ್ ಟೆಸ್ಟ್ ಮಾಡಿ ಖುಷಿಪಡಬೇಡಿ, ಊರವರೆಲ್ಲ ಊಟ ಮುಗಿಸಿ ಮೊಬೈಲ್ ಹಿಡಿಯುವ ರಾತ್ರಿ ಒಂಬತ್ತಕ್ಕೆ ಮಾಡಿ ನೋಡಿ.

ಫೈಬರ್ ಲೈನ್ ಬಂದಿರುವ ಮನೆಯಾದರೆ ತಲೆನೋವಿಲ್ಲ. ಬಿಎಸ್‌ಎನ್‌ಎಲ್ ಫೈಬರ್ ಆಗಲಿ, ಕೇಬಲ್‌ನವರು ಎಳೆದ ಫೈಬರ್ ಆಗಲಿ, ಮಾಮೂಲಿ ಪ್ಲಾನ್ ಟಿವಿಗೆ ಧಾರಾಳ ಸಾಕು. ಆದರೆ ಹಳೆಯ ಮನೆಗಳಲ್ಲಿ ಒಂದು ತೊಡಕಿದೆ. ನಮ್ಮ ಕಡೆಯ ಮಣ್ಣಿನ ಗೋಡೆಗಳು ದಪ್ಪ. ರೂಟರ್ ಜಗಲಿಯಲ್ಲಿ, ಟಿವಿ ಒಳಗಿನ ಕೋಣೆಯಲ್ಲಿ ಇದ್ದರೆ ವೈಫೈ ಆ ಗೋಡೆ ದಾಟುವಷ್ಟರಲ್ಲಿ ಸುಸ್ತಾಗಿರುತ್ತದೆ, ಅದರಲ್ಲೂ 5 ಗಿಗಾಹರ್ಟ್ಜ್ ವೈಫೈ ಗೋಡೆ ದಾಟುವುದರಲ್ಲಿ ಬಲು ದುರ್ಬಲ. ಇಂಥ ಮನೆಗೆ ರೂಟರಿನಿಂದ ವೈರಿನಲ್ಲೇ ನೆಟ್ ಕೊಡಬಹುದಾದ ಲ್ಯಾನ್ ಪೋರ್ಟ್ ಇರುವ ಟಿವಿಯನ್ನೇ ತೆಗೆದುಕೊಳ್ಳಿ. ಅಗ್ಗದ ಮಾಡೆಲ್‌ಗಳಲ್ಲಿ ಕೆಲವು ಕಂಪನಿಗಳು ಇದನ್ನೇ ಮೊದಲು ಕತ್ತರಿಸುತ್ತವೆ, ಹಿಂದೆ ತಿರುಗಿಸಿ ನೋಡಿ.

ನೆಟ್ ಇಲ್ಲವೇ ಇಲ್ಲ, ಸದ್ಯಕ್ಕೆ ಬರುವ ಲಕ್ಷಣವೂ ಇಲ್ಲ ಅನ್ನುವವರು ಬೇಜಾರಾಗಬೇಕಿಲ್ಲ. ಡಿಶ್ ಇದೆಯಲ್ಲ. ತಿಂಗಳ ಬಾಡಿಗೆ ಬೇಡ ಅಂದರೆ ಡಿಡಿ ಫ್ರೀ ಡಿಶ್ ಇದೆ, ಚಂದನ ಅದರಲ್ಲಿ ಬರುತ್ತದೆ. ಕೆಲವು ಟಿವಿಗಳ ಒಳಗೇ ಸ್ಯಾಟಲೈಟ್ ಟ್ಯೂನರ್ ಇರುತ್ತದೆ. ಅಂಥದ್ದಾದರೆ ಡಿಶ್ಶಿನ ಕೊಡೆಯ ಕೇಬಲ್ ನೇರವಾಗಿ ಟಿವಿಗೇ ಕೊಟ್ಟು, ಲಾಕ್ ಇಲ್ಲದ ಉಚಿತ ಚಾನೆಲ್‌ಗಳನ್ನು ಬಾಕ್ಸ್ ಇಲ್ಲದೆಯೇ ನೋಡಬಹುದು.

ಡಿಶ್ ಬಗ್ಗೆ ಇನ್ನೊಂದು ಮಾತು. ಪುಷ್ಯ ಮಳೆ ಹಿಡಿದಾಗ ಸಿಗ್ನಲ್ ಹೋದರೆ ಹೊಸ ಟಿವಿಯನ್ನು ಬಯ್ಯಬೇಡಿ. ಆ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು ಇರುವುದರಿಂದ ದಪ್ಪ ಹನಿಯ ಮಳೆ ಅದನ್ನು ಹೀರಿ ಚೆದುರಿಸಿಬಿಡುತ್ತದೆ. ಆಗುಂಬೆ, ಮೇಗರವಳ್ಳಿ ಕಡೆಯವರಿಗೆ ಇದು ಗೊತ್ತಿರುವುದೇ. ಸ್ವಲ್ಪ ದೊಡ್ಡ ಕೊಡೆ ಹಾಕಿಸಿದರೆ ಎಷ್ಟೋ ವಾಸಿ. ಉಪಗ್ರಹಗಳು ನಮಗೆ ದಕ್ಷಿಣ ಮತ್ತು ಆಗ್ನೇಯದ ಕಡೆ ಇರುತ್ತವೆ, ಆ ದಿಕ್ಕಿನಲ್ಲಿ ಅಡಿಕೆ ಮರ ಬೆಳೆದು ಸೋಗೆ ಅಡ್ಡ ಬಂದಿದೆಯಾ ಅಂತಲೂ ಒಮ್ಮೆ ತಲೆ ಎತ್ತಿ ನೋಡಿ.

ಮೂರನೆಯದು: ಸೈಜು

32 ಇಂಚು ಅಂದರೆ ಕರ್ಣದ ಅಳತೆ ಸುಮಾರು 80 ಸೆಂಟಿಮೀಟರ್, 43 ಅಂದರೆ 108. ಬಜೆಟ್ಟಿನಲ್ಲಿ ನಿಜವಾಗಿ ಆಯ್ಕೆ ಇರುವುದು ಇವೆರಡರ ನಡುವೆ. ನಾಲ್ಕೈದು ಅಡಿ ದೂರ ಕೂರುವ ಸಣ್ಣ ಕೋಣೆಗೆ 32 ಸಾಕು. ಏಳೆಂಟು ಅಡಿ ದೂರ ಕೂರುವುದಾದರೆ 43. ನಮ್ಮ ಜಗಲಿಗಳು, ಹಜಾರಗಳು ಉದ್ದುದ್ದ ಇರುವುದರಿಂದ ಹೆಚ್ಚಿನ ಮನೆಗಳಿಗೆ 43 ಒಪ್ಪುತ್ತದೆ.

ತೆರಿಗೆಯ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲು 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲೆ ಜಿಎಸ್‌ಟಿ ಶೇ. 28 ಇತ್ತು, ಸಣ್ಣವಕ್ಕೆ ಶೇ. 18. 2025ರ ಸೆಪ್ಟೆಂಬರ್ 22ರಿಂದ ದೊಡ್ಡವಕ್ಕೂ ಶೇ. 18 ಮಾಡಿದರು. ಅಂದರೆ "ದೊಡ್ಡದಕ್ಕೆ ತೆರಿಗೆ ಜಾಸ್ತಿ ಸರ್" ಅನ್ನುವ ಹಳೆಯ ಮಾತು ಈಗ ನಡೆಯುವುದಿಲ್ಲ. ಬಿಲ್ಲಿನಲ್ಲಿ ಶೇ. 18 ಇದೆಯಾ ನೋಡಿಕೊಳ್ಳಿ.

ಇನ್ನು ಎಚ್‌ಡಿ ರೆಡಿ, ಫುಲ್ ಎಚ್‌ಡಿ, 4ಕೆ. ಮೊದಲನೆಯದರಲ್ಲಿ ಚುಕ್ಕೆಗಳು 1366 ಗುಣಿಸು 768, ಎರಡನೆಯದರಲ್ಲಿ 1920 ಗುಣಿಸು 1080, ಮೂರನೆಯದರಲ್ಲಿ 3840 ಗುಣಿಸು 2160. 32 ಇಂಚಿಗೆ ಎಚ್‌ಡಿ ರೆಡಿ ಆದರೂ ನಡೆಯುತ್ತದೆ, ಸ್ವಲ್ಪ ಜಾಸ್ತಿ ಕೊಟ್ಟು ಫುಲ್ ಎಚ್‌ಡಿ ಸಿಕ್ಕರೆ ಒಳ್ಳೆಯದು. 43 ಇಂಚಿಗೆ ಎಚ್‌ಡಿ ರೆಡಿ ಯಾರಾದರೂ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

43ರಲ್ಲಿ ಫುಲ್ ಎಚ್‌ಡಿಯೋ 4ಕೆಯೋ ಅನ್ನುವುದು ಸ್ವಲ್ಪ ತಲೆಕೆಡಿಸುವ ಪ್ರಶ್ನೆ. ನೆಟ್ ನಿಧಾನ ಇದ್ದರೆ, ನೋಡುವುದು ಡಿಶ್ಶಿನ ಸೀರಿಯಲ್ಲೇ ಆದರೆ 4ಕೆಯ ಅಷ್ಟೂ ಚುಕ್ಕೆಗಳು ಸುಮ್ನೆ. ತಮಾಷೆ ಏನೆಂದರೆ ಡಿಶ್ಶಿನ ಮಾಮೂಲಿ ಎಸ್‌ಡಿ (ಎಚ್‌ಡಿ ಅಲ್ಲದ) ಚಾನೆಲ್ ದೊಡ್ಡ ಪರದೆಯಲ್ಲಿ ಇನ್ನೂ ಮಸುಕಾಗಿ ಕಾಣುತ್ತದೆ, ಇರುವ ಸ್ವಲ್ಪ ಚಿತ್ರವನ್ನೇ ಟಿವಿ ಎಳೆದು ಎಳೆದು ದೊಡ್ಡದು ಮಾಡಬೇಕಲ್ಲ. ಹೊಸ ಟಿವಿ ತಂದ ವಾರದಲ್ಲೇ "ಹಳೆ ಟಿವಿಯೇ ಚೆನ್ನಾಗಿತ್ತು ಕಣೋ" ಅಂತ ಅಜ್ಜಿ ಅಂದರೆ ಅವರ ಕಣ್ಣಿನ ತಪ್ಪಲ್ಲ. ಹಾಗಿದ್ದರೂ ನಾನು ಬೆಲೆಯ ವ್ಯತ್ಯಾಸ ತೀರಾ ದೊಡ್ಡದಿಲ್ಲದಿದ್ದರೆ 4ಕೆ ಕಡೆಗೇ ವಾಲುತ್ತೇನೆ. ಚುಕ್ಕೆಗಳಿಗಾಗಿ ಅಲ್ಲ. ಕಂಪನಿಗಳು ಒಳ್ಳೆಯ ಪ್ರೊಸೆಸರ್, ಜಾಸ್ತಿ ರ‍್ಯಾಮ್, ಮೂರು ಎಚ್‌ಡಿಎಂಐ ಇವನ್ನೆಲ್ಲ 4ಕೆ ಮಾಡೆಲ್‌ಗೆ ಹಾಕಿ, ಫುಲ್ ಎಚ್‌ಡಿಯನ್ನು ಬಡವಾಗಿ ಬಿಡುವುದು ಹೆಚ್ಚು.

ಎಚ್‌ಡಿಆರ್ (ಬೆಳಕು, ನೆರಳು ಎರಡನ್ನೂ ಎದ್ದು ಕಾಣಿಸುವ ತಂತ್ರ) ಅನ್ನುವ ಸ್ಟಿಕ್ಕರನ್ನು ಈ ಬೆಲೆಯಲ್ಲಿ ನೋಡಿಯೂ ನೋಡದಂತೆ ಇರಿ. ಅದಕ್ಕೆ ಬೇಕಾದ ಬೆಳಕೇ ಈ ಪರದೆಗಳಲ್ಲಿ ಇರುವುದಿಲ್ಲ.

ನಾಲ್ಕನೆಯದು: ಪರದೆಯನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡುವುದು

ಒಂದು ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ. ಅದರಲ್ಲಿ ನಿಮ್ಮ ಮೊಬೈಲಿನಲ್ಲಿ ತೆಗೆದ ಮನೆಯವರ ಒಂದು ವಿಡಿಯೊ, ಪೂರ್ತಿ ಕಪ್ಪಾದ ಒಂದು ಚಿತ್ರ, ಪೂರ್ತಿ ಬಿಳಿಯಾದ ಒಂದು ಚಿತ್ರ ಇರಲಿ. ಡೆಮೊ ವಿಡಿಯೊ ನಿಲ್ಲಿಸಿ ಇವನ್ನು ಹಾಕಿಸಿ. ಅಂಗಡಿಯ ಹುಡುಗ ಮುಖ ಸಿಂಡರಿಸಬಹುದು, ದುಡ್ಡು ನಿಮ್ಮದು.

ಕಪ್ಪು ಚಿತ್ರದಲ್ಲಿ ಮೂಲೆಗಳಿಂದ ಬೆಳಕು ಸೋರುತ್ತಿದೆಯಾ ನೋಡಿ. ಬಿಳಿಯದರಲ್ಲಿ ಕೊಳೆಯಂಥ ಮಚ್ಚೆ, ಸತ್ತ ಚುಕ್ಕೆ ಇದೆಯಾ ನೋಡಿ. ಮನೆಯವರ ವಿಡಿಯೊ ಯಾಕೆಂದರೆ ಅವರ ಮೈಬಣ್ಣ ನಿಮಗೆ ಗೊತ್ತು. ಹಿಮದ ಬೆಟ್ಟದ ನಿಜವಾದ ಬಣ್ಣ ಯಾರಿಗೆ ಗೊತ್ತು? ಅಮ್ಮನ ಮುಖ ಕೆಂಪಗೆ ಕುಂಕುಮ ಸುರಿದಂತೆ ಕಂಡರೆ ಆ ಟಿವಿಯ ಬಣ್ಣ ಸರಿ ಇಲ್ಲ ಅಂತ ತಕ್ಷಣ ತಿಳಿಯುತ್ತದೆ.

ಆಮೇಲೆ ಪಕ್ಕಕ್ಕೆ ಸರಿದು ಓರೆಯಿಂದ ನೋಡಿ. ಪರದೆಗಳಲ್ಲಿ ಮುಖ್ಯವಾಗಿ ಎರಡು ಜಾತಿ, ಐಪಿಎಸ್ ಮತ್ತು ವಿಎ. ವಿಎಯಲ್ಲಿ ಕಪ್ಪು ಚೆನ್ನಾಗಿ ಕಪ್ಪಗಿರುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ತೊಳೆದುಹೋದಂತೆ ಕಾಣುತ್ತದೆ. ಐಪಿಎಸ್ ಪಕ್ಕದಿಂದಲೂ ಚೆನ್ನ, ಕತ್ತಲೆಯ ಕೋಣೆಯಲ್ಲಿ ಮಾತ್ರ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ. ಹಬ್ಬಕ್ಕೋ ಕ್ರಿಕೆಟ್ಟಿಗೋ ಹತ್ತು ಜನ ಸೇರಿ ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ಕೂರುವ ಮನೆಗೆ ಐಪಿಎಸ್ ಮೇಲು. ಇಬ್ಬರು ಮೂವರು ಎದುರಿಗೆ ಕೂತು ರಾತ್ರಿ ಸಿನಿಮಾ ನೋಡುವ ಮನೆಗೆ ವಿಎ. ಯಾವ ಪರದೆ ಅಂತ ಅಂಗಡಿಯವರನ್ನು ಕೇಳಿದರೆ "ಎ ಪ್ಲಸ್ ಗ್ರೇಡ್ ಸರ್" ಅನ್ನುತ್ತಾರೆ. ಅದು ಉತ್ತರವಲ್ಲ. ನಿಮ್ಮ ಕಣ್ಣನ್ನೇ ನಂಬಿ.

ಅಂಗಳದ ಬೆಳಕು ನೇರವಾಗಿ ಬೀಳುವ ಕಡೆ ಟಿವಿ ಇಡುವುದಾದರೆ ಬ್ರೈಟ್‌ನೆಸ್ 300 ನಿಟ್ಸ್ (ಪರದೆಯ ಬೆಳಕಿನ ಅಳತೆ) ಆಸುಪಾಸು ಇರುವುದನ್ನು ಹುಡುಕಿ. ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತು ಸೀರಿಯಲ್ಲಿನ ಬದಲು ನಿಮ್ಮದೇ ಮುಖ ಕಾಣುತ್ತದೆ.

ಐದನೆಯದು: ಒಳಗಿನ ಸಾಫ್ಟ್‌ವೇರ್

ಗೂಗಲ್ ಟಿವಿ, ಎಲ್‌ಜಿಯವರ ವೆಬ್‌ಓಎಸ್, ಸ್ಯಾಮ್‌ಸಂಗ್‌ನ ಟೈಜನ್, ಅಮೆಜಾನಿನ ಫೈರ್ ಟಿವಿ. ಇವು ನಾಲ್ಕರಲ್ಲಿ ಯಾವುದಿದ್ದರೂ ಕನ್ನಡದವರಿಗೆ ಬೇಕಾದ ಆ್ಯಪ್ ಸಿಗುತ್ತವೆ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಸೀರಿಯಲ್‌ಗೆ ಜಿಯೋಹಾಟ್‌ಸ್ಟಾರ್, ಜೀ ಕನ್ನಡಕ್ಕೆ ಜೀ5, ಉದಯಕ್ಕೆ ಸನ್ ನೆಕ್ಸ್ಟ್. ನಿಮ್ಮ ಮನೆಯಲ್ಲಿ ಯಾರು ಯಾವ ಸೀರಿಯಲ್ ನೋಡುತ್ತಾರೆ ಅಂತ ಕೇಳಿಕೊಂಡು ಹೋಗಿ, ಆ ಆ್ಯಪ್ ಅಂಗಡಿಯಲ್ಲೇ ತೆಗೆಸಿ ನೋಡಿ.

ಹುಷಾರಾಗಿರಬೇಕಾದದ್ದು ಬರೀ "ಆಂಡ್ರಾಯ್ಡ್ ಸ್ಮಾರ್ಟ್" ಅಂತ ಬರೆದಿರುವ ತೀರಾ ಅಗ್ಗದ ಟಿವಿಗಳ ಬಗ್ಗೆ. ಇವುಗಳಲ್ಲಿ ಹಲವಕ್ಕೆ ಗೂಗಲ್‌ನ ಅನುಮತಿಯೇ ಇರುವುದಿಲ್ಲ. ಮೊಬೈಲಿನ ಆಂಡ್ರಾಯ್ಡನ್ನು ಎಳೆದು ತಂದು ದೊಡ್ಡ ಪರದೆಗೆ ಅಂಟಿಸಿರುತ್ತಾರೆ. ಅಸಲಿ ಪ್ಲೇ ಸ್ಟೋರ್ ಇರುವುದಿಲ್ಲ, ನೆಟ್‌ಫ್ಲಿಕ್ಸ್ ಬಂದರೂ ಎಚ್‌ಡಿಯಲ್ಲಿ ಬರುವುದಿಲ್ಲ. ಪತ್ತೆ ಮಾಡುವುದು ಸುಲಭ. ಗೂಗಲ್ ಪ್ಲೇ ಸ್ಟೋರ್ ತೆರೆಸಿ, ಯಾವುದಾದರೂ ಒಂದು ಆ್ಯಪ್ ಇನ್‌ಸ್ಟಾಲ್ ಮಾಡಿಸಿ. "ಈಗ ನೆಟ್ ಇಲ್ಲ ಸರ್" ಅಂದರೆ ನಿಮ್ಮ ಹಾಟ್‌ಸ್ಪಾಟ್ ಕೊಡಿ. ಜೊತೆಗೆ ಟಿವಿಯ ಹಿಂದಿನ ಲೇಬಲ್ಲಿನಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇದೆಯಾ ಅಂತಲೂ ನೋಡಿ, ಆರ್ ಅಕ್ಷರದಿಂದ ಶುರುವಾಗುವ ಒಂದು ನೋಂದಣಿ ನಂಬರ್ ಅಲ್ಲಿರುತ್ತದೆ.

ರ‍್ಯಾಮ್ 1 ಜಿಬಿ ಇದ್ದರೆ ನಿಧಾನ, 1.5 ಪರವಾಗಿಲ್ಲ, 2 ಇದ್ದರೆ ನೆಮ್ಮದಿ. ಸ್ಟೋರೇಜ್ 8 ಜಿಬಿಯಲ್ಲಿ ಅರ್ಧ ಸಾಫ್ಟ್‌ವೇರೇ ನುಂಗಿರುತ್ತದೆ, 16 ಸಿಕ್ಕರೆ ಒಳ್ಳೆಯದು.

ನಮ್ಮ ಕಡೆಯವರು ತಪ್ಪದೆ ಮಾಡಬೇಕಾದ ಪರೀಕ್ಷೆ ಇನ್ನೊಂದಿದೆ. ಟಿವಿಯನ್ನು ರಿಮೋಟಿನಿಂದ ಆಫ್ ಮಾಡುವುದಲ್ಲ, ಪ್ಲಗ್ಗೇ ಕಿತ್ತು ಮತ್ತೆ ಹಾಕಿಸಿ. ಆಮೇಲೆ ಯೂಟ್ಯೂಬ್ ಓಡುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಸಂಜೆ ಒಂದೇ ಗಂಟೆಯಲ್ಲಿ ಕರೆಂಟು ನಾಲ್ಕು ಸಲ ಹೋಗಿ ಬರುವ ಊರಿನಲ್ಲಿ ಇದು ದಿನಾ ಆಗುವ ಕೆಲಸ, ಪ್ರತಿ ಸಲ ಎರಡು ನಿಮಿಷ ಲೋಗೋ ನೋಡುತ್ತಾ ಕೂರುವ ತಾಳ್ಮೆ ಯಾರಿಗಿದೆ? ಹಾಗೆಯೇ ಕರೆಂಟು ಬಂದಾಗ ಟಿವಿ ತಾನಾಗಿ ಆನ್ ಆಗುತ್ತದಾ ಅಂತ ನೋಡಿ. ಕೆಲವು ಆಗುತ್ತವೆ. ನಡುರಾತ್ರಿ ಕರೆಂಟು ಬಂದು ಹಜಾರದಲ್ಲಿ ಯಾರೋ ಜೋರಾಗಿ ಮಾತಾಡಲು ಶುರು ಮಾಡಿದರೆ ಮನೆಮಂದಿಯೆಲ್ಲ ಏಳಬೇಕಾಗುತ್ತದೆ. ಇದನ್ನು ಬದಲಿಸುವ ಆಯ್ಕೆ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ಇರುತ್ತದೆ.

ಆರನೆಯದು: ಪೋರ್ಟು, ಸೌಂಡು

ಎಚ್‌ಡಿಎಂಐ ಕನಿಷ್ಠ ಎರಡು, ಮೂರಿದ್ದರೆ ಒಳ್ಳೆಯದು. ಒಂದರ ಪಕ್ಕ ಎಆರ್‌ಸಿ ಅಂತ ಬರೆದಿರಬೇಕು, ಮುಂದೆ ಸೌಂಡ್‌ಬಾರ್ ಹಾಕಲು ಅದು ಬೇಕು. ಹಳೆಯ ಡಿಶ್ ಬಾಕ್ಸಿನ ಕೆಂಪು-ಬಿಳಿ-ಹಳದಿ ವೈರು ಇನ್ನೂ ಬಳಸುತ್ತಿದ್ದರೆ ಎವಿ ಇನ್‌ಪುಟ್ ಇದೆಯಾ, ಅದಕ್ಕೆ ಬೇಕಾದ ಸಣ್ಣ ಅಡಾಪ್ಟರ್ ಡಬ್ಬದಲ್ಲೇ ಕೊಡುತ್ತಾರಾ ಕೇಳಿ.

ಸೌಂಡು 20 ವ್ಯಾಟ್ ಇದ್ದರೆ ಮಾಮೂಲಿ ದಿನಕ್ಕೆ ಸಾಕು. ಹಾಡು ಹಾಕಿ ಪರೀಕ್ಷೆ ಮಾಡಬೇಡಿ, ಹಾಡು ಎಲ್ಲದರಲ್ಲೂ ಚೆನ್ನಾಗಿ ಕೇಳುತ್ತದೆ. ವಾರ್ತೆಯನ್ನೋ ಯಕ್ಷಗಾನದ ಮಾತುಗಾರಿಕೆಯನ್ನೋ ಹಾಕಿ, ಮಾತು ಬಿಡಿಬಿಡಿಯಾಗಿ ಕೇಳುತ್ತದಾ ಅಂತ ನೋಡಿ. ತಗಡಿನ ಮಾಡಿನ ಕೆಳಗೆ ಆರಿದ್ರಾ ಮಳೆ ಹೊಡೆಯುವಾಗ ಯಾವ ಟಿವಿಯ ಸೌಂಡೂ ಸಾಲದು, ಅದಕ್ಕೆ ಬೇಕಾದರೆ ಒಂದು ಸಾಧಾರಣ ಸೌಂಡ್‌ಬಾರ್ ಆಮೇಲೆ ತಂದುಕೊಳ್ಳಿ. ಸೌಂಡಿಗೆಂದೇ ದುಬಾರಿ ಟಿವಿ ಬೇಡ.

ಏಳನೆಯದು: ಯಾವ ಕಂಪನಿ, ಎಲ್ಲಿ ಕೊಳ್ಳುವುದು

ಬ್ರ್ಯಾಂಡ್ ಹೆಸರು ನೋಡಿ ಮರುಳಾಗುವ ಮೊದಲು ಒಂದು ಸಂಗತಿ. ಕೊಡ್ಯಾಕ್, ಥಾಮ್ಸನ್, ಬ್ಲೌಪುಂಕ್ಟ್ ಮೂರೂ ಹೊರದೇಶದ ಹಳೆಯ ದೊಡ್ಡ ಹೆಸರುಗಳು. ಇಲ್ಲಿ ಆ ಹೆಸರಿನ ಲೈಸೆನ್ಸ್ ಪಡೆದು ಮೂರನ್ನೂ ಟಿವಿಯ ಮೇಲೆ ಹಾಕುತ್ತಿರುವುದು ಸೂಪರ್ ಪ್ಲಾಸ್ಟ್ರಾನಿಕ್ಸ್ ಅನ್ನುವ ಭಾರತದ್ದೇ ಒಂದು ಕಂಪನಿ. ಅದರಲ್ಲಿ ತಪ್ಪೇನಿಲ್ಲ, ಆದರೆ ಹೆಸರಿಗೆಂದು ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ ಅನ್ನುವುದಂತೂ ಗೊತ್ತಾಯಿತಲ್ಲ.

ನೋಡಬೇಕಾದದ್ದು ಸರ್ವಿಸ್. ಈ ಮೂರು ಪ್ರಶ್ನೆಯನ್ನು ಅಂಗಡಿಯಲ್ಲೂ ಕೇಳಿ, ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅಲ್ಲೂ ಕೇಳಿ: ನಮ್ಮ ಪಿನ್‌ಕೋಡ್‌ಗೆ ಮನೆಗೇ ಬಂದು ರಿಪೇರಿ ಮಾಡುತ್ತಾರಾ? ಬರುವವರು ಸಾಗರ, ತೀರ್ಥಹಳ್ಳಿಯವರಾ ಅಥವಾ ಶಿವಮೊಗ್ಗದಿಂದ ಬರಬೇಕಾ? ಪರದೆಗೆ ವಾರಂಟಿ ಎಷ್ಟು ವರ್ಷ? ಎರಡೂ ಕಡೆಯ ಉತ್ತರ ಬೇರೆ ಬೇರೆ ಬಂದರೆ ಕಸ್ಟಮರ್ ಕೇರ್‌ನದ್ದನ್ನೇ ನಂಬಿ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ 2025ರ ಜುಲೈವರೆಗೆ ಲಾಂಚ್ ಹತ್ತಿಯೇ ಸಾಮಾನು ಹೋಗಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆದ ಮೇಲೆ ಗಾಡಿಯೇನೋ ಹೋಗುತ್ತದೆ, ಆದರೆ ಸರ್ವಿಸ್‌ನವರ ಪಟ್ಟಿಯಲ್ಲಿ ನಿಮ್ಮ ಪಿನ್‌ಕೋಡ್ ಸೇರಿದೆಯಾ ಅನ್ನುವುದು ಬೇರೆ ಮಾತು, ಕೇಳಿಯೇ ತಿಳಿಯಬೇಕು.

ಆನ್‌ಲೈನಾ ಅಂಗಡಿಯಾ? ಪಟ್ಟಣದೊಳಗೆ ಇರುವವರು ಆನ್‌ಲೈನ್‌ನಲ್ಲಿ ಧೈರ್ಯವಾಗಿ ಕೊಳ್ಳಬಹುದು, ತಂದವರ ಎದುರಿಗೇ ಡಬ್ಬ ಬಿಚ್ಚಿಸಿ ಪರದೆ ನೋಡಿಕೊಳ್ಳುವ ಓಪನ್ ಬಾಕ್ಸ್ ಡೆಲಿವರಿ ಇದ್ದರೆ ಅದನ್ನೇ ಆರಿಸಿ. ಹಳ್ಳಿಯ ಒಳಗಿನವರಿಗೆ ನಾನು ಹೇಳುವುದು ಹತ್ತಿರದ ಪೇಟೆಯ ಅಂಗಡಿಯೇ. ಐನೂರೋ ಸಾವಿರವೋ ಜಾಸ್ತಿ ಆಗಬಹುದು. ಆದರೆ ಪರದೆಯಲ್ಲಿ ಗೆರೆ ಬಂದಾಗ ಹೋಗಿ ಎದುರಿಗೆ ನಿಂತು "ಏನ್ರೀ ಇದು" ಅಂತ ಕೇಳಲು ಒಬ್ಬ ಮನುಷ್ಯ ಇರುತ್ತಾನೆ. ಆನ್‌ಲೈನ್ ಬೆಲೆಯ ಸ್ಕ್ರೀನ್‌ಶಾಟ್ ತೋರಿಸಿ ಚೌಕಾಸಿ ಮಾಡಿ, ಬೆಲೆ ಇಳಿಯದಿದ್ದರೆ ಗೋಡೆ ಸ್ಟ್ಯಾಂಡನ್ನಾದರೂ ಪುಕ್ಕಟೆ ಕೊಡುತ್ತಾರೆ. ದಸರಾ–ದೀಪಾವಳಿ ಹೊತ್ತಿಗೆ ಬೆಲೆ ಇಳಿಯುತ್ತದೆ, ಅವಸರವಿಲ್ಲದವರು ಕಾಯಬಹುದು.

ಬಡ್ಡಿ ಇಲ್ಲದ ಇಎಂಐ ಅನ್ನುವುದಕ್ಕೆ ಪ್ರೊಸೆಸಿಂಗ್ ಫೀ ಎಷ್ಟು, ನಗದು ಕೊಟ್ಟರೆ ಬೆಲೆ ಎಷ್ಟು ಎರಡನ್ನೂ ಕೇಳಿ ಕಳೆದು ನೋಡಿ. ಬಡ್ಡಿ ಎಲ್ಲಿ ಕೂತಿದೆ ಅಂತ ಗೊತ್ತಾಗುತ್ತದೆ.

ಎಕ್ಸ್‌ಟೆಂಡೆಡ್ ವಾರಂಟಿ ಬಗ್ಗೆ: ಅಗ್ಗದ ಟಿವಿಯಲ್ಲಿ ಪರದೆ ಹೋದರೆ ಅದನ್ನು ಬದಲಿಸುವ ಖರ್ಚು ಹೊಸ ಟಿವಿಯ ಹತ್ತಿರಕ್ಕೇ ಬರುತ್ತದೆ. ಹಾಗಾಗಿ ಪರದೆ ಸೇರಿದ್ದರೆ, ಬೆಲೆ ಕಡಿಮೆ ಇದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಆ ದುಡ್ಡನ್ನು ಕೆಳಗೆ ಹೇಳುವ ಅರ್ಥಿಂಗ್‌ಗೆ ಹಾಕಿ.

ಎಂಟನೆಯದು: ಮನೆಗೆ ತರುವುದು, ಗೋಡೆಗೆ ಹಾಕುವುದು

ಟಿವಿಯನ್ನು ಯಾವಾಗಲೂ ನಿಲ್ಲಿಸಿಯೇ ತನ್ನಿ. ಜೀಪಿನ ಹಿಂದೆ ಮಲಗಿಸಿ, ಮೇಲೊಂದು ಗೊಬ್ಬರದ ಚೀಲ ಇಟ್ಟು ನಮ್ಮ ರಸ್ತೆಯ ಹಂಪು, ಹೊಂಡದಲ್ಲಿ ತಂದರೆ ಪರದೆ ಒಳಗೇ ಬಿರುಕು ಬಿಟ್ಟಿರುತ್ತದೆ, ಮತ್ತು ಅದಕ್ಕೆ ವಾರಂಟಿ ಇಲ್ಲ. ಡಬ್ಬ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ, ಡಬ್ಬದ ಮೇಲಿನ ಸೀರಿಯಲ್ ನಂಬರ್, ಟಿವಿಯ ಹಿಂದಿನದು, ಬಿಲ್ಲಿನದು ಮೂರೂ ಒಂದೇನಾ ನೋಡಿ.

ಗೋಡೆ ಮಣ್ಣಿನದೋ ಜಂಬಿಟ್ಟಿಗೆಯದೋ ಆಗಿದ್ದರೆ ಇನ್‌ಸ್ಟಾಲ್ ಮಾಡಲು ಬಂದವನ ಸಣ್ಣ ಪ್ಲಾಸ್ಟಿಕ್ ಪ್ಲಗ್ಗಿನ ಸ್ಕ್ರೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಗೋಡೆ ನೀರು ಕುಡಿದು ಮೆತ್ತಗಾದ ಮೇಲಂತೂ ಕೇಳುವುದೇ ಬೇಡ. ಮೊದಲು ಒಂದು ದಪ್ಪ ಹಲಗೆಯನ್ನು ಉದ್ದದ ಬೋಲ್ಟ್ ಹಾಕಿ ನಾಲ್ಕಾರು ಕಡೆ ಗೋಡೆಗೆ ಬಿಗಿದು, ಆ ಹಲಗೆಗೆ ಟಿವಿ ಹಾಕಿಸಿ. ಟಿವಿಗೂ ಥಂಡಿ ಗೋಡೆಗೂ ನಡುವೆ ಗಾಳಿಯಾಡಲು ಜಾಗವೂ ಸಿಗುತ್ತದೆ. ಇಲ್ಲ, ಸುಮ್ಮನೆ ಗಟ್ಟಿ ಮೇಜಿನ ಮೇಲೆ ಇಡಿ, ಅದಕ್ಕೇನು ಕಡಿಮೆ?

ಒಂಬತ್ತನೆಯದು: ಸಿಡಿಲು

ನಮ್ಮ ಕಡೆ ಟಿವಿಗಳು ಸಾಯುವುದು ಹೆಚ್ಚಾಗಿ ಹೀಗೆ. ವಾರಂಟಿ ಕಾರ್ಡಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಸಿಡಿಲು, ವೋಲ್ಟೇಜ್ ಏರಿಳಿತದಿಂದ ಹಾಳಾದರೆ ಕಂಪನಿ ಹೊಣೆಯಲ್ಲ ಅಂತ. ಹಾಗಾಗಿ ಹೊಣೆ ನಿಮ್ಮದೇ.

ಅಪಾಯ ಜಾಸ್ತಿ ಇರುವುದು ಜಡಿಮಳೆಯ ಜುಲೈನಲ್ಲಿ ಅಲ್ಲ. ಅಶ್ವಿನಿ, ಭರಣಿ ಮಳೆಯ ಏಪ್ರಿಲ್–ಮೇ ಸಂಜೆಗಳಲ್ಲಿ, ಮತ್ತೆ ಚಿತ್ತಾ, ಸ್ವಾತಿ ಮಳೆಯ ಅಕ್ಟೋಬರಿನಲ್ಲಿ. ಸಿಡಿಲಿನ ವಿದ್ಯುತ್ತು ಟಿವಿಗೆ ಬರಲು ಒಂದೇ ದಾರಿ ಅಂದುಕೊಂಡವರು ಬರೀ ಸ್ವಿಚ್ ಆಫ್ ಮಾಡಿ ಕೂರುತ್ತಾರೆ. ದಾರಿಗಳು ಮೂರು: ಕರೆಂಟಿನ ಪ್ಲಗ್ಗು, ಡಿಶ್ಶಿನ ಕೇಬಲ್ಲು, ರೂಟರಿನಿಂದ ಬರುವ ಲ್ಯಾನ್ ವೈರು. ಫೈಬರಿನ ಗಾಜಿನ ಎಳೆ ಕರೆಂಟು ಹರಿಸುವುದಿಲ್ಲ ನಿಜ, ಆದರೆ ರೂಟರಿನ ಅಡಾಪ್ಟರ್ ಪ್ಲಗ್ಗಿನಲ್ಲಿ ಇರುತ್ತದಲ್ಲ, ಅಲ್ಲಿಂದ ರೂಟರಿಗೆ, ಲ್ಯಾನ್ ವೈರಿನಿಂದ ಟಿವಿಗೆ. ಮೂರನ್ನೂ ಕೀಳಬೇಕು. ಕೀಳುವುದು ಮೋಡ ಕಟ್ಟಿ ದೂರದಲ್ಲಿ ಗುಡುಗು ಕೇಳಿಸಿದ ಕೂಡಲೇ. ನೆತ್ತಿಯ ಮೇಲೆ ಮಿಂಚು ಹೊಡೆಯುತ್ತಿರುವಾಗ ವೈರು ಮುಟ್ಟಲು ಹೋಗಬೇಡಿ, ಟಿವಿ ಹೋದರೆ ಹೋಗಲಿ.

ಸ್ಟೆಬಿಲೈಸರ್ ಸಿಡಿಲನ್ನು ತಡೆಯುವುದಿಲ್ಲ. ಕಡಿಮೆ ವೋಲ್ಟೇಜಿಗೂ ಅದು ಹೆಚ್ಚಿನ ಟಿವಿಗಳಿಗೆ ಬೇಕಿಲ್ಲ, ಹಿಂದಿನ ಲೇಬಲ್ಲಿನಲ್ಲಿ 100–240 ವೋಲ್ಟ್ ಅಂತ ಇದ್ದರೆ ಟಿವಿ ತಾನೇ ಸಂಭಾಳಿಸುತ್ತದೆ. ಆದರೆ ಇನ್ನೊಂದು ಕಾಟ ಇದೆ, ನ್ಯೂಟ್ರಲ್ ತಂತಿ ಕಡಿಯುವುದು. ಮರದ ಕೊಂಬೆ ಬಿದ್ದು ನ್ಯೂಟ್ರಲ್ ಹೋದರೆ 230 ಇರಬೇಕಾದ ವೋಲ್ಟೇಜ್ ಕೆಲವು ಮನೆಗಳಲ್ಲಿ 400ರ ಹತ್ತಿರಕ್ಕೂ ಏರಬಹುದು. ಬಲ್ಬು ಇದ್ದಕ್ಕಿದ್ದಂತೆ ಜಾಸ್ತಿ ಬೆಳಗಿದರೆ, ಫ್ಯಾನು ಹುಚ್ಚು ಹಿಡಿದಂತೆ ತಿರುಗಿದರೆ ಅದೇ. ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಮೆಸ್ಕಾಂಗೆ ಫೋನ್ ಮಾಡಿ. ಇಂಥದ್ದು ಆಗಾಗ ಆಗುವ ಲೈನಾದರೆ ಹೈ ವೋಲ್ಟೇಜ್ ಕಟ್‌ಆಫ್ ಇರುವ ಸ್ಟೆಬಿಲೈಸರ್ ಹಾಕಿ, ಆಗ ಅದಕ್ಕೆ ಅರ್ಥ ಇದೆ.

ಸ್ಪೈಕ್ ಗಾರ್ಡ್ ಸಣ್ಣಪುಟ್ಟ ಏಟು ತಡೆಯುತ್ತದೆ, ಅರ್ಥಿಂಗ್ ಸರಿ ಇದ್ದರೆ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ಡಿಶ್ಶಿನ ಕೇಬಲ್ ತುದಿ ಮುಟ್ಟಿದಾಗ ಬೆರಳಿಗೆ ಜುಂ ಅನ್ನುತ್ತದಲ್ಲ, ಎಷ್ಟೋ ಮನೆಗಳಲ್ಲಿ ಅದು ಅರ್ಥಿಂಗ್ ಇಲ್ಲ ಅನ್ನುವುದರ ಸೂಚನೆ. ಎಲೆಕ್ಟ್ರಿಷಿಯನ್ ಕರೆಸಿ ಹಳೆಯ ಅರ್ಥ್ ಪೈಪ್ ತುಕ್ಕು ಹಿಡಿದಿದೆಯಾ ತೋರಿಸಿ, ಡಿಶ್ಶಿನ ಕಂಬಕ್ಕೂ ಒಂದು ಅರ್ಥ್ ವೈರು ಕೊಡಿಸಿ, ಸಾಧ್ಯವಾದರೆ ಮೀಟರ್ ಬೋರ್ಡಿನ ಹತ್ತಿರ ಎಸ್‌ಪಿಡಿ (ಲೈನಿನಲ್ಲಿ ದಿಢೀರ್ ಏರುವ ವೋಲ್ಟೇಜನ್ನು ಅರ್ಥ್‌ಗೆ ಇಳಿಸುವ ಸಾಧನ) ಹಾಕಿಸಿ. ಇದರಿಂದ ಟಿವಿ ಮಾತ್ರ ಅಲ್ಲ, ಫ್ರಿಡ್ಜು, ಪಂಪ್‌ಸೆಟ್ಟಿನ ಸ್ಟಾರ್ಟರ್ ಎಲ್ಲವೂ ಉಳಿಯುತ್ತವೆ.

ಉಳಿದ ಸಣ್ಣ ಸಂಗತಿಗಳು

ಮಳೆಗಾಲದಲ್ಲಿ ಯಾರೂ ನೋಡದಿದ್ದರೂ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಟಿವಿ ಹಾಕಿ. ಒಳಗಿನ ಬಿಸಿಗೆ ಥಂಡಿ ಆರುತ್ತದೆ. ಪರದೆಯನ್ನು ಒಣಗಿದ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಗಾಜು ಒರೆಸುವ ಸ್ಪ್ರೇ ಬೇಡ. ಬಳಸದ ಎಚ್‌ಡಿಎಂಐ, ಯುಎಸ್‌ಬಿ ತೂತುಗಳನ್ನು ಟೇಪಿನಿಂದ ಮುಚ್ಚಿ. ಕುಂಬಾರ ಹುಳಕ್ಕೆ ಅಂಥ ತೂತು ಸಿಕ್ಕರೆ ಎರಡೇ ದಿನದಲ್ಲಿ ಮಣ್ಣು ತಂದು ಮೆತ್ತಿ ಮನೆ ಮಾಡುತ್ತದೆ, ಆಮೇಲೆ ಪೆನ್‌ಡ್ರೈವ್ ಒಳಗೆ ಹೋಗಲಿಲ್ಲ ಅಂತ ಒತ್ತಿದರೆ ಪೋರ್ಟೇ ಮುರಿಯುತ್ತದೆ. ಹಲ್ಲಿಗಳೂ ಬೆಚ್ಚಗಿರುತ್ತದೆ ಅಂತ ಹಿಂದಿನ ಸಂದಿಯಲ್ಲಿ ಸೇರಿಕೊಳ್ಳುತ್ತವೆ, ವಾರಕ್ಕೊಮ್ಮೆ ಹಿಂದೆ ಬಗ್ಗಿ ನೋಡಿ.

ಬಿಲ್ಲಿನ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಕಾಗದದ ಬಿಲ್ಲಿನ ಅಕ್ಷರ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಾಸಿರುತ್ತದೆ. ವಾರಂಟಿಯೊಳಗೆ ರಿಪೇರಿಗೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ದೂರಿನ ನಂಬರ್ ಕೊಡುತ್ತಾರೆ, ಅದನ್ನು ಕಂಪನಿಯವರಿಗೆ ಹೇಳಿ. ಡಬ್ಬವನ್ನೂ ಥರ್ಮಾಕೋಲನ್ನೂ ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲೆ ಇಲಿಗೆ ಸಿಗದ ಕಡೆ ಇಡಿ, ಸರ್ವಿಸ್‌ಗೆ ಪೇಟೆಗೆ ಒಯ್ಯಬೇಕಾಗಿ ಬಂದರೆ ಬೇಕಾಗುತ್ತದೆ.